ಸಮಿತಿ ಸಭೆಗೆ ಹೋದ ಎಂಪಿ ಅಲ್ಲಿ ಮಾಡುವುದೇನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸಂಸತ್ತಿನ ಸಮಿತಿಗಳ ಬಗ್ಗೆ ಕೇಳಿದವರೇ ಜಾಸ್ತಿ. ಕಾಪು, ಬಂಟ್ವಾಳ, ಕಾರ್ಕಳ, ಮಣಿಪಾಲ, ಹೀಗೆ ಬೇರೆ ಬೇರೆ ಕಡೆಯಿಂದ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಬೈಗುಳಗಳನ್ನು ಪೂರ್ತಿ ತೆಗೆದಿದ್ದೇನೆ.

ಪ್ರಶ್ನೆ: ಎಂಪಿ ಸದನದಲ್ಲಿ ಕಾಣಲಿಲ್ಲವಲ್ಲ ಅಂತ ಕೇಳಿದರೆ, "ಸಮಿತಿ ಸಭೆಯಲ್ಲಿದ್ದರು" ಅಂತ ಅವರ ಕಡೆಯವರು ಹೇಳುತ್ತಾರೆ. ಸಮಿತಿಯ ವರದಿಯನ್ನು ಸರ್ಕಾರ ಪಾಲಿಸಲೇಬೇಕು ಅಂತೇನೂ ಇಲ್ಲವಂತೆ. ಹಾಗಾದರೆ ಅಲ್ಲಿಗೆ ಚಾ ಕುಡಿಯಲು ಹೋಗುವುದಾ? — ಕಾಪುವಿನ ಓದುಗರು

ಉತ್ತರ: ಚಾ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸವೂ ಇರುತ್ತದೆ, ಮತ್ತು ಸದನದಲ್ಲಿ ಆಗದ ಕೆಲಸ ಅಲ್ಲಿ ಆಗುತ್ತದೆ. ನಮ್ಮ ಕಡೆಯವರಿಗೆ ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ ಸದನ ರಂಗಸ್ಥಳ, ಸಮಿತಿ ಬಣ್ಣ ಹಚ್ಚುವ ಚೌಕಿ. ಚೌಕಿಯಲ್ಲಿ ಕಿರೀಟ ಇಲ್ಲದೆ ಮಾತಾಡಬಹುದು.

ಇಲಾಖೆಗಳಿಗೆ ಸಂಬಂಧಪಟ್ಟ ಸ್ಥಾಯಿ ಸಮಿತಿಗಳು ಈಗ 24 ಇವೆ. 1993ರಲ್ಲಿ 17 ಇದ್ದವು, 2004ರಲ್ಲಿ ಜಾಸ್ತಿ ಮಾಡಿದರು. ಒಂದೊಂದರಲ್ಲೂ 31 ಜನ, ಲೋಕಸಭೆಯವರು 21, ರಾಜ್ಯಸಭೆಯವರು 10. ಮಂತ್ರಿ ಆದವರು ಇದರಲ್ಲಿ ಇರುವಂತಿಲ್ಲ. ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ, ಕ್ಯಾಮೆರಾ ಇಲ್ಲ. ಎದುರಿಗೆ ಬಂದು ಕೂರುವುದು ಮಂತ್ರಿ ಅಲ್ಲ, ಇಲಾಖೆಯ ಕಾರ್ಯದರ್ಶಿ ಮತ್ತು ಅವರ ಜೊತೆ ಫೈಲು ಹಿಡಿದುಕೊಂಡ ಅಧಿಕಾರಿಗಳ ಸಾಲು. ಕಳೆದ ವರ್ಷ ಕೊಟ್ಟ ದುಡ್ಡಲ್ಲಿ ಎಷ್ಟು ಖರ್ಚಾಯಿತು, ಯಾಕೆ ಉಳಿಯಿತು, ಮಾರ್ಚ್ ಕೊನೆಯಲ್ಲೇ ಯಾಕೆ ಅಷ್ಟೂ ಬಿಲ್ಲು ಪಾಸಾಯಿತು ಅಂತ ಕೇಳಿದರೆ "ವಿರೋಧ ಪಕ್ಷದವರು ರಾಜಕೀಯ ಮಾಡುತ್ತಿದ್ದಾರೆ" ಅಂತ ಅಧಿಕಾರಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೈಯಲ್ಲಿ ಉತ್ತರ ಇಲ್ಲದಿದ್ದರೆ ಬರೆದು ಕಳಿಸಬೇಕು. ಸುಳ್ಳು ಹೇಳಿದರೆ ಹಕ್ಕುಚ್ಯುತಿ, ಅಂದರೆ ಸಂಸತ್ತಿನ ಹಕ್ಕಿಗೆ ಧಕ್ಕೆ ತಂದ ತಪ್ಪು ಆಗುತ್ತದೆ.

ನೀವು ಹೇಳಿದ್ದೂ ಸರಿ, ಸಮಿತಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ಉತ್ತರ ಬರೆಸಿಕೊಳ್ಳುವ ಅಧಿಕಾರ ಇದೆ. ಶಿಫಾರಸು ಕೊಟ್ಟ 3 ತಿಂಗಳೊಳಗೆ ಸರ್ಕಾರ ಯಾವುದನ್ನು ಒಪ್ಪಿದೆ, ಯಾವುದನ್ನು ಒಪ್ಪಿಲ್ಲ, ಯಾಕೆ ಒಪ್ಪಿಲ್ಲ ಅಂತ ತಿಳಿಸಬೇಕು. ಅದರ ಮೇಲೆ ಸಮಿತಿ ಇನ್ನೊಂದು ವರದಿ ಬರೆಯುತ್ತದೆ, ಅದನ್ನು ಕ್ರಮ ಕೈಗೊಂಡ ವರದಿ ಅನ್ನುತ್ತಾರೆ. ಲೋಕಸಭೆಯ ಸಮಿತಿಗಳ ಇಂಥ ವರದಿ ಸಿಕ್ಕಿದರೆ ಸೀದಾ ನಾಲ್ಕನೇ ಅಧ್ಯಾಯಕ್ಕೆ ಹೋಗಿ. ಸರ್ಕಾರ ಕೊಟ್ಟ ಯಾವ ಉತ್ತರವನ್ನು ಸಮಿತಿ ಒಪ್ಪಲಿಲ್ಲವೋ ಅದು ಅಲ್ಲಿರುತ್ತದೆ. ಉಳಿದದ್ದು ಹೆಚ್ಚಿನ ಪಾಲು ಶಿಷ್ಟಾಚಾರ.

ಪ್ರಶ್ನೆ: ಬೀಡಿ ಕಟ್ಟಿ ಕಟ್ಟಿ ಬೆನ್ನು ಹೋಯಿತು. ಈಗ ಪಿಎಫ್ ಪೆನ್ಷನ್ ಅಂತ ಬರುವುದು ತಿಂಗಳಿಗೆ 1000 ರೂಪಾಯಿ. 3000 ಮಾಡಲು ಪಾರ್ಲಿಮೆಂಟಿನ ಸಮಿತಿಯೇ ಹೇಳಿದೆ ಅಂತ ಮೊನ್ನೆ ಒಬ್ಬರು ಭಾಷಣ ಮಾಡಿದರು. ಹೇಳಿದ್ದರೆ ಮತ್ತೆ ಯಾಕೆ ಕೊಡುತ್ತಿಲ್ಲ? — ಬಂಟ್ವಾಳ ತಾಲೂಕಿನಿಂದ ಒಬ್ಬ ತಾಯಿ, ಮಗಳ ಕೈಯಲ್ಲಿ ಬರೆಸಿದ್ದು

ಉತ್ತರ: ಅಮ್ಮ, ಭಾಷಣದವರು ಹೇಳಿದ್ದು ನಿಜ. ಆದರೆ ಅರ್ಧ ಕಥೆ ಹೇಳಿದ್ದಾರೆ.

ರಾಜ್ಯಸಭೆಯಲ್ಲಿ ಅರ್ಜಿಗಳ ಸಮಿತಿ ಅಂತ ಒಂದಿದೆ. ಜನ ಸಹಿ ಹಾಕಿ ಅರ್ಜಿ ಕೊಟ್ಟರೆ ಅದು ವಿಚಾರಣೆ ಮಾಡುತ್ತದೆ. 1995ರ ನೌಕರರ ಪಿಂಚಣಿ ಯೋಜನೆ, ಅಂದರೆ ನಿಮಗೆ ಪೆನ್ಷನ್ ಬರುತ್ತಿರುವ ಅದೇ ಯೋಜನೆ, ಸರಿ ಮಾಡಿ ಅಂತ ಪಿಂಚಣಿದಾರರು ಕೊಟ್ಟ ಅರ್ಜಿ ಅಲ್ಲಿಗೆ ಹೋಗಿತ್ತು. ಆಗ ಸಮಿತಿಯ ಅಧ್ಯಕ್ಷರು ಭಗತ್ ಸಿಂಗ್ ಕೋಶಿಯಾರಿ. 2013ರಲ್ಲಿ ವರದಿ ಬಂತು, ಕನಿಷ್ಠ ಪಿಂಚಣಿ 3000 ರೂಪಾಯಿ ಮಾಡಿ ಅಂತ. ಸರ್ಕಾರ ಮಾಡಿದ್ದು 1000, 2014ರ ಸೆಪ್ಟೆಂಬರ್‌ನಿಂದ. ಅದಕ್ಕೆ ಮೊದಲು ಕನಿಷ್ಠ ಇಷ್ಟು ಅನ್ನುವುದೇ ಇರಲಿಲ್ಲ, ಕೆಲವರಿಗೆ ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಬರುತ್ತಿತ್ತು. ಹಾಗಾಗಿ ಏನೂ ಆಗಲಿಲ್ಲ ಅನ್ನಲು ಬರುವುದಿಲ್ಲ. ಆಗಬೇಕಾದ್ದರಲ್ಲಿ ಮೂರರಲ್ಲಿ ಒಂದು ಪಾಲು ಆಯಿತು, ಆಮೇಲೆ ಅಲ್ಲೇ ನಿಂತಿತು.

ಮತ್ತೆ ಯಾರು ತಡೆದರು? ಇದು ಗೊತ್ತಾಗಿರುವುದು ಸಂಸತ್ತಿನಲ್ಲಿ ಮತ್ತೆ ಮತ್ತೆ ಕೇಳಿದ್ದರಿಂದ. 2018ರಲ್ಲಿ ಕಾರ್ಮಿಕ ಸಚಿವಾಲಯವೇ ಒಂದು ಉನ್ನತಾಧಿಕಾರದ ಸಮಿತಿ ಮಾಡಿತು (ಇದು ಸಂಸದರದ್ದಲ್ಲ, ಸರ್ಕಾರದ್ದು). ಅದು ಕನಿಷ್ಠ 2000 ಮಾಡಿ ಅಂದಿತು. ಕಡತ ಹಣಕಾಸು ಸಚಿವಾಲಯಕ್ಕೆ ಹೋಯಿತು, ಅಲ್ಲಿ ಒಪ್ಪಲಿಲ್ಲ. 2022ರಲ್ಲಿ ಕಾರ್ಮಿಕ ಇಲಾಖೆಯ ಸ್ಥಾಯಿ ಸಮಿತಿ ಇಷ್ಟನ್ನೂ ಕೆದಕಿ, ಎಂಟು ವರ್ಷದ ಹಿಂದೆ ಗೊತ್ತು ಮಾಡಿದ ಸಾವಿರ ರೂಪಾಯಿ ಯಾವುದಕ್ಕೂ ಸಾಲುವುದಿಲ್ಲ ಅಂತ ಬರೆಯಿತು. ಸಂಸದರ ಸಮಿತಿ ಇಲ್ಲದಿದ್ದರೆ "ಪರಿಶೀಲಿಸುತ್ತಿದ್ದೇವೆ" ಅನ್ನುವ ಉತ್ತರದ ಹಿಂದೆ ಯಾವ ಇಲಾಖೆ ಕೂತಿದೆ ಅಂತ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತು. ಕಾರ್ಮಿಕ ಮಂತ್ರಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಪ್ರಯೋಜನ ಇಲ್ಲ, ಗಂಟು ಇರುವುದು ಹಣಕಾಸಿನವರ ಕೈಯಲ್ಲಿ. ಮುಂದಿನ ಸಲ ಬೀಡಿ ಬ್ರಾಂಚಿನಲ್ಲಿ ಮನವಿಗೆ ಸಹಿ ಹಾಕಿ ಅಂತ ಯಾರಾದರೂ ಬಂದರೆ ಅದು ಯಾರ ಹೆಸರಿಗೆ ಹೋಗುತ್ತದೆ ಅಂತ ಮಗಳ ಹತ್ತಿರ ಓದಿಸಿ ನೋಡಿ.

ಇನ್ನೊಂದು ಮಾತು. ಇದೇ ಕೋಶಿಯಾರಿ ಅಧ್ಯಕ್ಷತೆಯ ಸಮಿತಿಗೆ ನಿವೃತ್ತ ಸೈನಿಕರೂ ಅರ್ಜಿ ಕೊಟ್ಟಿದ್ದರು, ಒಂದೇ ದರ್ಜೆಗೆ ಒಂದೇ ಪಿಂಚಣಿ ಕೊಡಿ ಅಂತ. 2011ರ ಡಿಸೆಂಬರಿನ ವರದಿಯಲ್ಲಿ ಸಮಿತಿ ಅದನ್ನು ಒಪ್ಪಿತು. 2015ರ ನವೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಆದರೆ ಸಮಿತಿ ಹೇಳಿದಂತೆ ಪೂರ್ತಿ ಮಾಡಲಿಲ್ಲ, ಪಿಂಚಣಿಯನ್ನು 5 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತೇವೆ ಅಂದಿತು. ಮಾಜಿ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಮಾರ್ಚ್‌ನಲ್ಲಿ ಕೋರ್ಟು ಹೇಳಿದ್ದು, ಕೋಶಿಯಾರಿ ಸಮಿತಿಯ ವರದಿ ಸರ್ಕಾರದ ನೀತಿ ಅಲ್ಲ, ಅದನ್ನೇ ಹಿಡಿದು ಸರ್ಕಾರವನ್ನು ಕಟ್ಟಿಹಾಕಲು ಬರುವುದಿಲ್ಲ ಅಂತ. ಅಂದರೆ ಅದೇ ಸಮಿತಿ, ಅದೇ ಅಧ್ಯಕ್ಷರು, ಎರಡು ಅರ್ಜಿ. ಸೈನಿಕರಿಗೆ ಹೆಚ್ಚು ಸಿಕ್ಕಿತು, ನಿಮಗೆ ಕಮ್ಮಿ ಸಿಕ್ಕಿತು. ವ್ಯತ್ಯಾಸ ವರದಿಯಲ್ಲಿ ಇರಲಿಲ್ಲ. ಸೈನಿಕರು ವರದಿ ಬಂದ ಮೇಲೂ ಜಂತರ್ ಮಂತರ್ ಬಿಟ್ಟು ಏಳಲಿಲ್ಲ, ಚುನಾವಣೆಯಲ್ಲಿ ಅದನ್ನೇ ವಿಷಯ ಮಾಡಿದರು. ಮನೆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ದೆಹಲಿಯಲ್ಲಿ ಹಾಗೆ ಕೂರಲು ಯಾರು ಬಿಡುತ್ತಾರೆ?

ಪ್ರಶ್ನೆ: ಸಮಿತಿಯಲ್ಲಿ ಕೂರುವವರಿಗೇ ಆ ವಿಷಯದಲ್ಲಿ ಲಾಭ ಇದ್ದರೆ? — ಕಾರ್ಕಳ

ಉತ್ತರ: ಒಂದೇ ಸಾಲಿನ ಪ್ರಶ್ನೆ, ಆದರೆ ಒಳ್ಳೆ ಪ್ರಶ್ನೆ. ಇದಕ್ಕೂ ಬೀಡಿಯ ಉದಾಹರಣೆಯೇ ಸಿಗುತ್ತದೆ, ನೋಡಿ.

ಬೀಡಿ, ಸಿಗರೇಟ್ ಪ್ಯಾಕೆಟ್ಟಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಚಿತ್ರ ಹಾಕಬೇಕು ಅಂತ ಆರೋಗ್ಯ ಸಚಿವಾಲಯ 2014ರಲ್ಲಿ ನಿಯಮ ತಂದಿತು. 2015ರ ಏಪ್ರಿಲ್ 1ರಿಂದ ಜಾರಿ ಆಗಬೇಕಿತ್ತು. ಲೋಕಸಭೆಯ ಅಧೀನ ಶಾಸನ ಸಮಿತಿ, ಅಂದರೆ ಇಲಾಖೆಗಳು ಮಾಡುವ ನಿಯಮಗಳು ಕಾಯ್ದೆಯ ಮಿತಿಯೊಳಗೆ ಇವೆಯಾ ಅಂತ ನೋಡುವ ಸಮಿತಿ, ನಾವು ಇದನ್ನು ಪರಿಶೀಲಿಸುವ ತನಕ ತಡೆಯಿರಿ ಅಂದಿತು. ಸರ್ಕಾರ ತಡೆಯಿತು. ಸಮಿತಿಯ ಅಧ್ಯಕ್ಷರಾಗಿದ್ದ ದಿಲೀಪ್ ಗಾಂಧಿ, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಭಾರತದಲ್ಲಿ ಮಾಡಿದ ಅಧ್ಯಯನ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿ ದೇಶವಿಡೀ ಸುದ್ದಿಯಾದರು. ಅದೇ ಸಮಿತಿಯಲ್ಲಿ ಅಲಹಾಬಾದಿನ ಸಂಸದರೊಬ್ಬರಿದ್ದರು, ಅವರದು ದೊಡ್ಡ ಬೀಡಿ ವ್ಯಾಪಾರ. ತಮ್ಮ ವ್ಯಾಪಾರದ ಮೇಲಿನ ನಿಯಮವನ್ನು ತಾವೇ ಕೂತು ಪರಿಶೀಲಿಸುವುದು ಯಾವ ನ್ಯಾಯ? ಸ್ವಹಿತ ಇದ್ದರೆ ತಿಳಿಸಬೇಕು ಅಂತ ನಿಯಮ ಇದೆ, ಯಾರಾದರೂ ಎತ್ತಿ ಕೇಳಿದರೆ ಮಾತ್ರ ಅದಕ್ಕೆ ಜೀವ.

2016ರ ಮಾರ್ಚ್‌ನಲ್ಲಿ ಸಮಿತಿ ವರದಿ ಕೊಟ್ಟಿತು. ಶೇ 85 ಬಹಳ ಕಠಿಣ, ಸಿಗರೇಟಿಗೆ ಶೇ 50 ಸಾಕು ಅಂದಿತು. ಅಷ್ಟರಲ್ಲಿ ವಿಷಯ ಕೋರ್ಟು ಮೆಟ್ಟಿಲು ಹತ್ತಿತ್ತು. 2016ರ ಏಪ್ರಿಲ್ 1ರಿಂದ ಶೇ 85ರ ನಿಯಮವೇ ಜಾರಿಗೆ ಬಂತು. ಲೆಕ್ಕ ಹಾಕಿದರೆ ಸಮಿತಿಗೆ ನಿಯಮ ಬದಲಿಸಲು ಆಗಲಿಲ್ಲ, ಆದರೆ ಒಂದು ವರ್ಷ ತಡ ಮಾಡಲು ಆಯಿತು. ವ್ಯಾಪಾರಕ್ಕೆ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ. ಸಮಿತಿ ಅಂದರೆ ಎಲ್ಲಾ ಒಳ್ಳೆಯದೇ ಅಂತ ಶಾಲೆಯ ಪುಸ್ತಕದವರು ಬರೆಯುತ್ತಾರಲ್ಲ, ಅವರು ಇದನ್ನೂ ಒಂದು ಪುಟ ಹಾಕಬೇಕು.

ಪ್ರಶ್ನೆ: ಮಂತ್ರಿಗಳು ಸದನದಲ್ಲಿ ನಿಂತು ಕೊಟ್ಟ ಮಾತಿಗೆ ಏನಾದರೂ ಬೆಲೆ ಇದೆಯಾ? ಸುರತ್ಕಲ್ ಟೋಲ್ ಕಥೆ ನೋಡಿ ಕೇಳುತ್ತಿದ್ದೇನೆ. — ಮೂಲ್ಕಿಯಿಂದ, ದಿನಾ ಮಂಗಳೂರಿಗೆ ಹೋಗಿ ಬರುವವರು

ಉತ್ತರ: 2022ರ ಮಾರ್ಚ್‌ನಲ್ಲಿ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಲೋಕಸಭೆಯಲ್ಲಿ ಹೇಳಿದ್ದು ನಿಮಗೆ ನೆನಪಿದೆ, ನನಗೂ ನೆನಪಿದೆ. 60 ಕಿಲೋಮೀಟರಿನೊಳಗೆ ಒಂದೇ ಟೋಲ್ ಇರಬೇಕು, ಉಳಿದದ್ದನ್ನು 3 ತಿಂಗಳಲ್ಲಿ ಮುಚ್ಚುತ್ತೇವೆ ಅಂದರು. ಸುರತ್ಕಲ್ ಟೋಲಿಗೂ ಹೆಜಮಾಡಿ ಟೋಲಿಗೂ ಎಷ್ಟು ದೂರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೂರು ತಿಂಗಳು ಕಳೆಯಿತು, ಮಳೆಗಾಲವೂ ಕಳೆಯಿತು. ಸುರತ್ಕಲ್ ಟೋಲ್ ನಿಂತಿದ್ದು ಡಿಸೆಂಬರ್ 1ಕ್ಕೆ, ಹಗಲು ರಾತ್ರಿ ಧರಣಿ ಕೂತ ಮೇಲೆ. ಅದನ್ನು ತೆಗೆಸಿದ್ದು ಬೀದಿಯಲ್ಲಿ ಕೂತವರು. ಅದರ ಶ್ರೇಯಸ್ಸನ್ನು ಯಾವ ಸಮಿತಿಗೂ ಕೊಡಲು ನಾನು ತಯಾರಿಲ್ಲ.

ಆದರೆ ನೀವು ಕೇಳಿದ್ದಕ್ಕೆ ಉತ್ತರ ಬೇಕಲ್ಲ. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಅದು 1953ರಿಂದಲೂ ಇದೆ, 15 ಸದಸ್ಯರು. "ಪರಿಶೀಲಿಸುತ್ತೇನೆ", "ಮಾಹಿತಿ ತರಿಸಿಕೊಂಡು ಹೇಳುತ್ತೇನೆ", "ಈ ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆ" ಅಂತ ಮಂತ್ರಿ ಹೇಳುವ ಮಾತುಗಳಲ್ಲಿ ಯಾವ ಯಾವುದನ್ನು ಭರವಸೆ ಅಂತ ತೆಗೆದುಕೊಳ್ಳಬೇಕು ಅನ್ನುವುದಕ್ಕೇ ಒಂದು ಪಟ್ಟಿ ಇದೆ. ಆ ಮಾತು ಬಿದ್ದ ಕೂಡಲೇ ಕಡತಕ್ಕೆ ಹೋಗುತ್ತದೆ, 3 ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಇಲಾಖೆ ಹೆಚ್ಚು ಸಮಯ ಕೇಳಬೇಕು, ಇಲ್ಲವೇ "ದಯವಿಟ್ಟು ಇದನ್ನು ಕೈಬಿಡಿ" ಅಂತ ಸಮಿತಿಗೆ ಬರೆಯಬೇಕು. ಕೈಬಿಡಿ ಅಂತ ಬರುವ ಪತ್ರಗಳೇ ನಿಜವಾಗಿ ಓದಬೇಕಾದವು, ಯಾಕೆಂದರೆ ಕೊಟ್ಟ ಮಾತು ಯಾಕೆ ಆಗುವುದಿಲ್ಲ ಅಂತ ಅಧಿಕಾರಿ ಅಲ್ಲಿ ಬಿಡಿಸಿ ಬರೆದಿರುತ್ತಾನೆ. ಹಳೇ ಭರವಸೆಗಳು ವರ್ಷಗಟ್ಟಲೆ ಬಾಕಿ ಉಳಿಯುವುದೂ ಉಂಟು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿಗೆ ಮುಗಿಯುವ ತನಕ ಎಷ್ಟು ಗಡುವು ಕೇಳಿದ್ದೇವೆ ಅಂತ ನೆನಪಿರುವವರಿಗೆ ಇದರಲ್ಲಿ ಹೊಸದೇನೂ ಕಾಣಿಸುವುದಿಲ್ಲ.

ಒಂದು ಸೂಕ್ಷ್ಮ ಗಮನಿಸಿ. ಸದನದಲ್ಲಿ ಹೇಳಿದರೆ ಮಾತ್ರ ಈ ಲೆಕ್ಕ. ಸರ್ಕ್ಯೂಟ್ ಹೌಸಿನಲ್ಲಿ ಪತ್ರಕರ್ತರ ಮುಂದೆ ಹೇಳಿದ್ದಕ್ಕೆ, ಬ್ರಹ್ಮಕಲಶದ ವೇದಿಕೆಯಲ್ಲಿ ಹೇಳಿದ್ದಕ್ಕೆ ಯಾವ ಸಮಿತಿಯೂ ಇಲ್ಲ. ಹಾಗಾಗಿ ನಿಮ್ಮ ಎಂಪಿಗೆ ಹೇಳಿ, ಮಂತ್ರಿಯನ್ನು ಭೇಟಿ ಮಾಡಿ ಹೂಗುಚ್ಛ ಕೊಟ್ಟ ಫೋಟೋ ಬೇಡ, ಸದನದಲ್ಲಿ ಪ್ರಶ್ನೆ ಕೇಳಿ ಉತ್ತರ ತೆಗೆಸಿ ಅಂತ.

ಪ್ರಶ್ನೆ: ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಮೂರೂ ಬ್ಯಾಂಕು ಹೋದವು. ನಮ್ಮ ಜಿಲ್ಲೆಗಳ ಬ್ಯಾಂಕುಗಳನ್ನು ಮುಗಿಸುವಾಗ ಸಂಸತ್ತನ್ನು ಕೇಳಬೇಕಿರಲಿಲ್ಲವಾ? — ಮಣಿಪಾಲದ ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಕೇಳಿದರು ಅಂತಲೂ ಹೇಳಬಹುದು, ಕೇಳಲಿಲ್ಲ ಅಂತಲೂ ಹೇಳಬಹುದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಇದಕ್ಕೆ ಹೊಸ ಮಸೂದೆ ಬೇಕಾಗಲಿಲ್ಲ. 1970 ಮತ್ತು 1980ರ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಗಳಲ್ಲೇ ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ ವಿಲೀನದ ಯೋಜನೆ ಮಾಡುವ ಅಧಿಕಾರ ಕೇಂದ್ರಕ್ಕೆ ಇದೆ. ಯೋಜನೆಯನ್ನು ಎರಡೂ ಸದನದ ಮುಂದೆ 30 ದಿನ ಇಡಬೇಕು, ಸದನಗಳು ಒಪ್ಪಿ ಬದಲಾವಣೆ ಮಾಡಬಹುದು, ರದ್ದೂ ಮಾಡಬಹುದು. ಮೇಜಿನ ಮೇಲೆ ಇಟ್ಟ ಕಾಗದವನ್ನು ಎತ್ತಿ ಓದಿ ಬೇಡ ಅನ್ನುವವರು ಬೇಕು. ಬಹುಮತ ಸರ್ಕಾರದ್ದೇ ಆಗಿರುವಾಗ ಅದು ಎಲ್ಲಿ ಆಗುತ್ತದೆ?

ಬ್ಯಾಂಕಿನ ವಿಷಯದಲ್ಲಿ ಸಮಿತಿಗಳು ಸುಮ್ನೆ ಕೂತಿದ್ದವು ಅಂತಲ್ಲ. ಮುರಳಿ ಮನೋಹರ ಜೋಶಿ ಅಧ್ಯಕ್ಷರಾಗಿದ್ದ ಅಂದಾಜು ಸಮಿತಿ 2018ರಲ್ಲಿ ಕೆಟ್ಟ ಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಅವರಿಂದ ಟಿಪ್ಪಣಿ ತರಿಸಿಕೊಂಡಿತು. ಆಡಳಿತ ಪಕ್ಷದ ಹಿರಿಯರೇ ಅಧ್ಯಕ್ಷರು, ಆದರೂ ಆ ಟಿಪ್ಪಣಿ ಸರ್ಕಾರಕ್ಕೆ ಇರಿಸುಮುರಿಸು ತಂದಿತು. ನಮ್ಮ ಮೂಡುಬಿದಿರೆ ಕಡೆಯ ವೀರಪ್ಪ ಮೊಯಿಲಿ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದಾಗ, ನೋಟು ರದ್ದಾದ ಮೇಲೆ 2017ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಊರ್ಜಿತ್ ಪಟೇಲರನ್ನು ಕರೆಸಿತ್ತು. ಎಷ್ಟು ಹಳೇ ನೋಟು ವಾಪಸ್ ಬಂತು ಅಂತ ಕೇಳಿದರೆ ಅವರ ಹತ್ತಿರ ಲೆಕ್ಕ ಇರಲಿಲ್ಲ. ಸದಸ್ಯರಾಗಿದ್ದ ಮನಮೋಹನ್ ಸಿಂಗ್ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತ ಗವರ್ನರ್ ಸ್ಥಾನದ ಮರ್ಯಾದೆ ಉಳಿಸಿದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಲೆಕ್ಕ ಕೊಟ್ಟಿತು. ಹೆಚ್ಚುಕಮ್ಮಿ ಶೇ 99ರಷ್ಟು ನೋಟು ವಾಪಸ್ ಬಂದಿತ್ತು.

ಪ್ರಶ್ನೆ: ಲೆಕ್ಕಪತ್ರ ಸಮಿತಿ, ಜೆಪಿಸಿ ಎಲ್ಲಾ ಪಕ್ಷದ ಜಗಳ ಅಷ್ಟೇ ಅಲ್ವಾ? — ಕುಂದಾಪುರ

ಉತ್ತರ: ದೊಡ್ಡ ಹಗರಣ ಬಂದಾಗ ಹೌದು. ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಆರೋಪದ ಬಗ್ಗೆ 1987ರಲ್ಲಿ ಮಾಡಿದ ಜಂಟಿ ಸಂಸದೀಯ ಸಮಿತಿಗೆ (ಅದೇ ಜೆಪಿಸಿ) ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದರೇ ಅಧ್ಯಕ್ಷರು. ವಿರೋಧ ಪಕ್ಷಗಳು ಅದನ್ನು ಬಹಿಷ್ಕರಿಸಿದವು, ವರದಿಯನ್ನು ಶಂಕರಾನಂದರ ಕಾಂಗ್ರೆಸ್ ಪಕ್ಷ ಬಿಟ್ಟರೆ ಯಾರೂ ನಂಬಲಿಲ್ಲ. ಸರ್ಕಾರದ ಖರ್ಚಿನ ಲೆಕ್ಕ ನೋಡುವ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು, ಆದರೆ ಒಳಗೆ ಬಹುಮತ ಆಡಳಿತ ಪಕ್ಷದ್ದೇ ಇರುತ್ತದೆ. 2011ರ ಏಪ್ರಿಲ್ ಕೊನೆಯಲ್ಲಿ 2ಜಿ ತರಂಗಾಂತರ ಹಂಚಿಕೆಯ ಕರಡು ವರದಿ ಮಂಡನೆಯಾದಾಗ ಆಗ ಈ ಸಮಿತಿಯ ಅಧ್ಯಕ್ಷರಾಗಿದ್ದ ಮುರಳಿ ಮನೋಹರ ಜೋಶಿ ಎದ್ದು ಹೊರಗೆ ಹೋದರು. ಉಳಿದವರು ಅಲ್ಲೇ ಬೇರೆ ಅಧ್ಯಕ್ಷರನ್ನು ಆರಿಸಿಕೊಂಡು ವರದಿಯನ್ನು ತಿರಸ್ಕರಿಸಿದರು. ಇಂಥದ್ದೇ ಟಿವಿಯಲ್ಲಿ ಬರುವುದು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಒಂದೊಂದು ಪ್ಯಾರಾ ಹಿಡಿದು ರೈಲ್ವೆಯವರನ್ನೋ ಬಂದರಿನವರನ್ನೋ ಕೂರಿಸಿ ಕೇಳುವ ನೂರಾರು ಸಭೆ ಸುದ್ದಿಯೇ ಆಗುವುದಿಲ್ಲ. ಕೆಲಸ ಆಗುವುದು ಅಲ್ಲಿ.

ಪ್ರಶ್ನೆ: ಈಗ ಮಸೂದೆಗಳು ಸಮಿತಿಗೆ ಹೋಗುವುದೇ ಕಮ್ಮಿ ಅಂತಾರೆ. — ಕೊಣಾಜೆಯ ಕಾನೂನು ವಿದ್ಯಾರ್ಥಿನಿ

ಉತ್ತರ: ಕಮ್ಮಿಯೇ. 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಶೇ 16. ಹೋಗಿದ್ದರೆ ಏನಾಗುತ್ತಿತ್ತು ಅಂತ ತಿಳಿಯಲು ಖಾಸಗಿ ಮಾಹಿತಿ ರಕ್ಷಣೆಯ ಮಸೂದೆಯನ್ನೇ ನೋಡಿ. 2019ರ ಮಸೂದೆ ಜಂಟಿ ಸಮಿತಿಗೆ ಹೋಯಿತು, ಸಮಿತಿ ಎರಡು ವರ್ಷ ಕೂತು 81 ತಿದ್ದುಪಡಿ ಹೇಳಿತು. ಸರ್ಕಾರ 2022ರ ಆಗಸ್ಟಿನಲ್ಲಿ ಮಸೂದೆಯನ್ನೇ ವಾಪಸ್ ತೆಗೆದುಕೊಂಡಿತು. ಇಷ್ಟರ ಮಟ್ಟಿಗೆ ಸಮಿತಿಯ ಪ್ರಭಾವ ದೊಡ್ಡದು. ಆಮೇಲೆ 2023ರ ಆಗಸ್ಟ್ 3ಕ್ಕೆ ಹೊಸ ಮಸೂದೆ ಬಂತು, ಆಗಸ್ಟ್ 9ರೊಳಗೆ ಎರಡೂ ಸದನದಲ್ಲಿ ಪಾಸಾಯಿತು. ಈ ಸಲ ಯಾವ ಸಮಿತಿಗೂ ಕಳಿಸಲಿಲ್ಲ. ಕಳಿಸಲೇಬೇಕು ಅಂತ ನಿಯಮ ಇಲ್ಲ. ಇದೇ ದೊಡ್ಡ ಓಟೆ, ಉಳಿದ ದೋಷಗಳೆಲ್ಲ ಇದರ ಮುಂದೆ ಸಣ್ಣವು. 2020ರ ಕೃಷಿ ಕಾಯ್ದೆಗಳೂ ಸಮಿತಿಗೆ ಹೋಗಲಿಲ್ಲ, 2021ರಲ್ಲಿ ವಾಪಸ್ ಪಡೆಯಬೇಕಾಯಿತು. ಒಳಗೆ ಕೂತು ಕೇಳಿಸಿಕೊಳ್ಳಬಹುದಾಗಿದ್ದನ್ನು ಹೊರಗೆ ಕೇಳಿಸಿಕೊಂಡರು.

ಪ್ರಶ್ನೆ: ನಾವು ಸಾಮಾನ್ಯರು ಸಂಸತ್ತಿಗೆ ಅರ್ಜಿ ಹಾಕಬಹುದಾ? ಕನ್ನಡದಲ್ಲಿ ಬರೆದರೆ ನಡೆಯುತ್ತದಾ? — ಮಲ್ಪೆ

ಉತ್ತರ: ಹಾಕಬಹುದು. ಸಂಸದರ ಮೂಲಕ ಸದನದಲ್ಲಿ ಮಂಡಿಸಬಹುದು, ಸದನದ ಮಹಾಕಾರ್ಯದರ್ಶಿಗೂ ಕಳಿಸಬಹುದು. ವಿಷಯ ಕೇಂದ್ರ ಸರ್ಕಾರಕ್ಕೆ ಸಂಬಂಧಪಟ್ಟಿರಬೇಕು, ಸಾರ್ವಜನಿಕ ಹಿತದ್ದಾಗಿರಬೇಕು. ಕೋರ್ಟಿನಲ್ಲಿ ಇರುವ ವಿಷಯ ಆಗುವುದಿಲ್ಲ. ವಿಧಾನಸಭೆಯಲ್ಲಿ ಕೇಳಬೇಕಾದದ್ದೂ ಆಗುವುದಿಲ್ಲ, ಅದಕ್ಕೆ ನಮ್ಮ ವಿಧಾನಮಂಡಲದಲ್ಲೇ ಅರ್ಜಿಗಳ ಸಮಿತಿ ಇದೆ. ನಿಮ್ಮ ಒಬ್ಬರ ಸಾಲ, ಒಬ್ಬರ ವರ್ಗಾವಣೆ, ಪಕ್ಕದ ಮನೆಯವರ ಗಡಿ ತಕರಾರು ಇಂಥದ್ದನ್ನು ಕಳಿಸಬೇಡಿ, ವಾಪಸ್ ಬರುತ್ತದೆ. ಕನ್ನಡದಲ್ಲೇ ಬರೆಯಿರಿ, ಜೊತೆಗೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಇಟ್ಟು ಅದಕ್ಕೂ ಸಹಿ ಹಾಕಿ. ಏನು ಬೇಕು ಅನ್ನುವುದನ್ನು ಕೊನೇ ಪ್ಯಾರಾದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ. ನೀವು ಪತ್ರದಲ್ಲಿ ಬರೆದ ದೋಣಿಯ ಡೀಸೆಲ್ ವಿಷಯದಲ್ಲಿ ರಾಜ್ಯದ ಪಾಲು ಎಷ್ಟು, ಕೇಂದ್ರದ ಪಾಲು ಎಷ್ಟು ಅಂತ ಮೊದಲು ಮೀನುಗಾರಿಕೆ ಇಲಾಖೆಯಿಂದ ಬರಹದಲ್ಲಿ ತೆಗೆದುಕೊಳ್ಳಿ, ಆಮೇಲೆ ಯಾವ ಸದನಕ್ಕೆ ಕಳಿಸಬೇಕು ಅಂತ ನೋಡಿ.